ಸೂತಕದ ವಾರದಲ್ಲಿ ಬಂದ ಸೀಟು

ಜೂನ್ ಬಂತೆಂದರೆ ಸಿದ್ದಾಪುರದ ನನ್ನ ಬಾಡಿಗೆ ಮನೆಗೆ ಕಾನೂನು ಓದಬೇಕೆನ್ನುವ ಮಕ್ಕಳು ಬರುತ್ತಾರೆ. ನಾನು ಧಾರವಾಡದಲ್ಲಿ ಕಾನೂನು ಪದವಿ ಮಾಡಿ, ಶಿರಸಿ ಕೋರ್ಟಿನಲ್ಲಿ ಕೆಲವು ವರ್ಷ ಜೂನಿಯರ್ ಆಗಿದ್ದು, ಆಮೇಲೆ ಅದನ್ನು ಬಿಟ್ಟು ಇಲ್ಲಿಯ ಕಾಲೇಜಿನಲ್ಲಿ ಪಾಠ ಹೇಳಲು ಬಂದವನು. ಎರಡೂ ಕಡೆಯ ವಿಷಯ ಗೊತ್ತಿರುವವನು ಎಂದು ಯಾರೋ ಹೇಳಿ ಕಳಿಸುತ್ತಾರೆ. ಹೋದ ವರ್ಷ ಬನವಾಸಿ ಕಡೆಯಿಂದ ಒಬ್ಬ ರೈತರು ತಮ್ಮ ಮಗಳನ್ನು ಕರೆದುಕೊಂಡು ಬಂದಿದ್ದರು. ಚಹಾ ಮುಗಿಯುವ ಮೊದಲೇ ಶುರು ಮಾಡಿದರು.

"ಬಾಯಿ ಜೋರು ಐತ್ರಿ ಇಕೀದು. ಮನ್ಯಾಗ ನಮ್ಮನ್ನ ಗೆಲ್ಲಾಕ ಬಿಡಂಗಿಲ್ಲ. ಅದಕ್ಕ ಲಾ ಓದ್ಸೂಣು ಅಂತ ಮಾಡೇವ್ರಿ."

"ಅಪ್ಪಾ, ಸುಮ್ನಿರಪ್ಪಾ," ಎಂದಳು ಹುಡುಗಿ.

"ನೋಡ್ರಿ, ಇಲ್ಲೂ ಬಿಡವಲ್ಲಳು."

ನಾನು ನಕ್ಕೆ. ಆಮೇಲೆ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಬಾಯಿ ಜೋರಿದ್ದರೆ ಸಾಲದು, ಕೂತು ಓದುವ ತಾಳ್ಮೆ ಬೇಕು. ಒಂದೇ ತೀರ್ಪನ್ನು ಮೂರು ಸಲ ಓದಿದರೂ ಅರ್ಥವಾಗದೆ ನಾಲ್ಕನೆಯ ಸಲ ಓದುವವರಿಗೆ ಇದು ಹಿಡಿಸುತ್ತದೆ. ಪಿಯುಸಿ ಮುಗಿಸಿ ಸೇರಿದರೆ ಐದು ವರ್ಷ, ಪದವಿ ಮುಗಿಸಿ ಸೇರಿದರೆ ಮೂರು ವರ್ಷ. ಯಾವುದು ಮೇಲು ಎಂದು ಕೇಳಬೇಡಿ. ಮನೆಯಲ್ಲಿ ಎಷ್ಟು ವರ್ಷ ಕಾಯುತ್ತಾರೆ ಎಂದು ನೋಡಿಕೊಳ್ಳಿ. ದೊಡ್ಡ ರಾಷ್ಟ್ರೀಯ ಕಾಲೇಜುಗಳಿಗೆ ಪ್ರವೇಶ ಪರೀಕ್ಷೆ ಬೇರೆ ಇದೆ, ಅದಕ್ಕೆ ವರ್ಷದ ಮೊದಲೇ ತಯಾರಿ ಬೇಕು. ಪುಸ್ತಕಗಳು ಹೆಚ್ಚಿನವು ಇಂಗ್ಲಿಷಿನಲ್ಲಿ. ಆದರೆ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹೇಳುವವನು ತನ್ನ ಮನೆಮಾತಿನಲ್ಲೇ ಹೇಳುತ್ತಾನೆ, ಅದೂ ಬರಬೇಕು. ಪದವಿ ಸಿಕ್ಕಿದ ಮೇಲೂ ವಕೀಲರ ಪರಿಷತ್ತಿನ ಪರೀಕ್ಷೆ ಇದೆ. ಅದಾದ ಮೇಲೆ ಯಾರದಾದರೂ ಆಫೀಸಿನ ಮೂಲೆಯಲ್ಲಿ ಕೆಲವು ವರ್ಷ ಫೈಲು ಹೊತ್ತುಕೊಂಡು ನಿಲ್ಲಬೇಕು. ಆ ವರ್ಷಗಳಲ್ಲಿ ಊರಿನವರು ಮಗ ಎಂತ ಮಾಡ್ತಾ ಎಂದು ಕೇಳಿದರೆ ಮನೆಯವರಿಗೆ ಉತ್ತರ ಇರುವುದಿಲ್ಲ. ಅಂಕಗಳ ಮಿತಿ, ವಯಸ್ಸು, ಕೊನೆಯ ದಿನಾಂಕ ಇವನ್ನು ಅಣ್ಣನೋ ಮಾವನೋ ಹೇಳಿದ್ದನ್ನು ನಂಬದೆ ಆ ವರ್ಷದ ಪ್ರಕಟಣೆಯಲ್ಲೇ ನೋಡಿ. ಒಂದೇ ಕಾಲೇಜಿಗೆ ಅರ್ಜಿ ಹಾಕಬೇಡಿ.

ಕೊನೆಯದಾಗಿ, ಸೀಟು ಸಿಕ್ಕಿತು ಎಂದು ತಿಳಿದ ದಿನ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ, ಹೋಗಿ ಸೇರಿಕೊಳ್ಳುವವರೆಗೆ ಅದು ನಿಮ್ಮದಲ್ಲ ಎನ್ನುತ್ತೇನೆ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದಂತೆ. ಒಬ್ಬ ವಿದ್ಯಾರ್ಥಿ ಹಾಗೆಂದ. ಯಾಕೆ ಎಂದು ನಾನು ಅವನಿಗೆ ಹೇಳಲಿಲ್ಲ.

ನನ್ನ ಅಕ್ಕನಿಗೆ ಕಾನೂನು ಓದಲು ಸೀಟು ಸಿಕ್ಕಿತ್ತು. ಅವಳು ಹೋಗಿ ಸೇರಲಿಲ್ಲ. ಇಪ್ಪತ್ತೈದು ವರ್ಷಗಳಿಂದ ನಾನು ಈ ಕಥೆಯನ್ನು ಒಂದೇ ರೀತಿ ಹೇಳಿಕೊಂಡು ಬಂದಿದ್ದೆ. ಅದು ಸರಿಯಲ್ಲ ಎಂದು ಈಗ ಗೊತ್ತಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ವಾನಳ್ಳಿ ಕಡೆ. ಅಪ್ಪನಿಗೂ ಅಪ್ಪನ ದಾಯಾದಿ ಅಣ್ಣನಿಗೂ ತೋಟದ ಪಾಲಿನ ವಿಷಯದಲ್ಲಿ ವ್ಯಾಜ್ಯವಿತ್ತು. ಅವನನ್ನು ನಾವು ದೊಡ್ಡಪ್ಪ ಎನ್ನುತ್ತಿದ್ದೆವು, ಅಂದರೆ ಅಪ್ಪ ಇಲ್ಲದಾಗ. ಎರಡು ಮನೆಗಳ ನಡುವೆ ಒಂದು ಅಗಳದ ಕಂದಕ ಮಾತ್ರ. ಆದರೆ ನಾನು ಹುಟ್ಟಿದ ಮೇಲೆ ಆ ಮನೆಯ ಚಹಾ ಈ ಮನೆಯವರು ಕುಡಿದದ್ದಿಲ್ಲ. ಕೇಸು ಶಿರಸಿ ಕೋರ್ಟಿನಲ್ಲಿ. ಹೋಗುವುದಕ್ಕೆ ಬೆಳಗಿನ ಬಸ್ಸು ಒಂದೇ. ಹಾಗಾಗಿ ವಾದಿ, ಪ್ರತಿವಾದಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಬಸ್ಸಿನಲ್ಲಿ ಬರುತ್ತಿದ್ದರು. ಅಪ್ಪ ಮುಂದೆ ಕೂರುತ್ತಿದ್ದ, ದೊಡ್ಡಪ್ಪ ಹಿಂದೆ. ಅಪ್ಪನಿಗೆ ಕೋರ್ಟಿನ ಕಾಗದ ಓದುವುದು ಕಷ್ಟವಾಗುತ್ತಿತ್ತು, ಕಣ್ಣಿಗಿಂತ ಹೆಚ್ಚಾಗಿ ಸಹನೆಯ ಕೊರತೆ. ಅದಕ್ಕೆ ಶಿರಸಿಯಲ್ಲಿ ಬಿ.ಎ. ಓದುತ್ತಿದ್ದ ಅಕ್ಕನನ್ನು ಜೊತೆಗೆ ಕರೆದೊಯ್ಯುತ್ತಿದ್ದ.

ಅಕ್ಕ ಎಲ್ಲಿ ಕೂರುತ್ತಿದ್ದಳು ಎನ್ನುವುದು ನನಗೆ ಸ್ಪಷ್ಟವಾಗಿ ನೆನಪಿದೆ, ನಡುವಿನ ಸೀಟಿನಲ್ಲಿ, ಕಿಟಕಿಯ ಪಕ್ಕ. ನಾನು ಆ ಬಸ್ಸಿನಲ್ಲಿ ಕೋರ್ಟಿಗೆ ಹೋದದ್ದು ಒಂದೋ ಎರಡೋ ಸಲ ಇರಬೇಕು. ಉಳಿದದ್ದನ್ನೆಲ್ಲ ಅಕ್ಕ ಹೇಳಿದ್ದರಿಂದ ಕಂಡಿದ್ದೇನೆ. ಯಾವುದು ಕಣ್ಣಿನದು, ಯಾವುದು ಕಿವಿಯದು ಎಂದು ಈಗ ಬೇರೆ ಮಾಡಲು ಬರುವುದಿಲ್ಲ.

ದೊಡ್ಡಪ್ಪ ಹಿಂದಿನಿಂದ ಮುಂದಕ್ಕೆ ಬಾಗಿ ಅಕ್ಕನನ್ನು ಕೇಳುತ್ತಿದ್ದ.

"ಎಂತ ಕೂಸೇ, ಇವತ್ತೂ ಕೇಸು ಮುಂದೆ ಹೋಗ್ತು ಕಾಣ್ತು."

"ನಿಂಗಕ್ಕೇ ಗೊತ್ತಿರ್ತು ದೊಡ್ಡಪ್ಪ. ನಿಂಗಳ ವಕೀಲ್ರೇ ಅಲ್ದಾ ಪ್ರತೀ ಸಲ ಮುಂದೆ ಹಾಕ್ಸದು."

ದೊಡ್ಡಪ್ಪ ಗಟ್ಟಿಯಾಗಿ ನಗುತ್ತಿದ್ದ. ಅಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ಶಿರಸಿಯಲ್ಲಿ ಇಳಿದ ಮೇಲೆ ಅಪ್ಪ ಕೇಳುತ್ತಿದ್ದ, "ಎಂತ ಹೇಳ್ತ ಅಂವ?"

"ನಮ್ಮ ವಕೀಲ್ರನ್ನ ಬದ್ಲಾಯ್ಸವಡ."

"ಅಂವಂಗೆಂತಕ್ಕೆ ಅದು?"

"ಅವ್ರ ಎದ್ರಿಗೆ ಗೆಲ್ಲದು ಬೇಜಾರಾಗೋಯ್ದಡ."

ಅಕ್ಕ ಇದನ್ನು ಮನೆಯಲ್ಲಿ ಹೇಳುವಾಗ ಇಬ್ಬರ ದನಿಯನ್ನೂ ತೆಗೆಯುತ್ತಿದ್ದಳು. ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಕೋರ್ಟಿನ ಬೆಂಚಿನಲ್ಲಿ ಕೂತು ಅಕ್ಕ ಬೇರೆಯವರ ಕೇಸುಗಳನ್ನೂ ಕೇಳುತ್ತಿದ್ದಳು. ಯಾವ ವಕೀಲರು ಪ್ರಶ್ನೆಯನ್ನು ತಪ್ಪು ಜಾಗದಲ್ಲಿ ಕೇಳಿ ಸಾಕ್ಷಿಯನ್ನು ಕೆಡಿಸಿದರು ಎಂದು ಬಂದು ವಿವರಿಸುತ್ತಿದ್ದಳು. ಅವಳು ಕಾನೂನು ಓದಬೇಕು ಎಂದು ಮೊದಲು ಹೇಳಿದ್ದು ದೊಡ್ಡಪ್ಪ. ಬಿ.ಎ. ಕೊನೆಯ ವರ್ಷದ ಹೊತ್ತಿಗೆ ಅದೇ ಬಸ್ಸಿನಲ್ಲಿ, ಅಪ್ಪನಿಗೂ ಕೇಳುವಂತೆ ಹೇಳಿದನಂತೆ.

"ನಿನ್ನಪ್ಪನ ವಕೀಲಂಗಿಂತ ನೀನೇ ಚೊಲೊ ಮಾತಾಡ್ತೆ. ಲಾ ಓದಿ ಬಾ. ಯನ್ನ ಕೇಸು ನಿಂಗೇ ಕೊಡ್ತೆ."

ಅಪ್ಪ ಆವತ್ತು ಏನೂ ಕೇಳಲಿಲ್ಲವಂತೆ. ಆದರೆ ಅರ್ಜಿ ಹಾಕುತ್ತೇನೆ ಎಂದಾಗ ಬೇಡ ಎನ್ನಲೂ ಇಲ್ಲ. ಎದುರಾಳಿ ಮೆಚ್ಚಿದ ಮಗಳು ಎನ್ನುವ ಹೆಮ್ಮೆ ಇತ್ತೋ ಏನೋ. ಅಕ್ಕ ಧಾರವಾಡದ ಒಂದು ಕಾಲೇಜಿಗೆ ಮಾತ್ರ ಅರ್ಜಿ ಹಾಕಿದಳು. ಹತ್ತಿರದಲ್ಲಿ ಎಲ್ಲಿಯೂ ಬೇಡ ಎಂದಳು. ಶಿರಸಿ ಕೋರ್ಟಿನ ಜವಾನನಿಂದ ಹಿಡಿದು ಎಲ್ಲರಿಗೂ ಅವಳು ಇಂಥವರ ಮಗಳು, ಇಂಥ ಕೇಸಿನವಳು. ದೂರ ಹೋಗಿ ಓದಿ, ವಕೀಲಳಾಗಿಯೇ ಆ ಮೆಟ್ಟಿಲು ಹತ್ತಬೇಕು ಎಂದು ಅವಳಿಗಿತ್ತು.

ನಾನು ಆಗ ಧಾರವಾಡದಲ್ಲಿ ಬಿ.ಎ. ಮೊದಲ ವರ್ಷ, ಹಾಸ್ಟೆಲಿನಲ್ಲಿದ್ದೆ. ಕಾನೂನು ಕಾಲೇಜಿನ ಹಲಗೆಯ ಮೇಲೆ ಪಟ್ಟಿ ಹಚ್ಚಿದ್ದನ್ನು ನಾನೇ ಹೋಗಿ ನೋಡಿದೆ. ಅಕ್ಕನ ಹೆಸರು ಮೇಲಿನ ಸಾಲುಗಳಲ್ಲೇ ಇತ್ತು. ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿ ಕೂಗಿ ಹೇಳಿದೆ. ಶನಿವಾರದೊಳಗೆ ಮೂಲ ದಾಖಲೆಗಳ ಸಮೇತ ಖುದ್ದಾಗಿ ಬಂದು ಸಹಿ ಹಾಕಬೇಕು, ಬೇರೆಯವರು ಬಂದರೆ ಆಗುವುದಿಲ್ಲ, ಬರದಿದ್ದರೆ ಸೀಟು ಮುಂದಿನವರಿಗೆ ಎಂದೆ. ಅಕ್ಕ "ಬತ್ತೆ, ಬತ್ತೆ" ಎಂದಳು. ಹಿಂದಿನಿಂದ ಆಯಿ ಏನೋ ಕೇಳುತ್ತಿದ್ದಳು.

ಮಾರನೆಯ ದಿನವೋ ಆ ದಿನ ಸಂಜೆಯೋ ದೊಡ್ಡಪ್ಪ ತೀರಿಕೊಂಡ. ಹೊಳೆಯಿಂದ ಹತ್ತಿ ಬರುವಾಗ ಎದೆ ಹಿಡಿದು ಕೂತವನು ಏಳಲಿಲ್ಲವಂತೆ. ಹಾಸ್ಟೆಲಿನ ಫೋನಿಗೆ ಸುದ್ದಿ ಬಂತು. ಸ್ನಾನ ಮಾಡಿಕೋ ಎಂದು ಅಪ್ಪ ಹೇಳಿ ಇಟ್ಟ.

ನಮ್ಮಲ್ಲಿ ದಾಯಾದಿ ಸತ್ತರೆ ಹತ್ತು ದಿನ ಸೂತಕ. ಮಾತಿಲ್ಲದಿರಲಿ, ಕೋರ್ಟಿನಲ್ಲಿ ಹೊಡೆದಾಡುತ್ತಿರಲಿ, ಸೂತಕ ತಪ್ಪುವುದಿಲ್ಲ. ದೇವರ ಪೂಜೆ ನಿಲ್ಲುತ್ತದೆ, ಬೇರೆಯವರ ಮನೆಗೆ ಹೋಗುವಂತಿಲ್ಲ, ಶುಭದ್ದು ಹೊಸತು ಏನನ್ನೂ ಶುರು ಮಾಡುವಂತಿಲ್ಲ. ಕೋರ್ಟಿನಲ್ಲಿ ಪ್ರತಿವಾದಿ ಆದವನು ಸತ್ತ ಗಳಿಗೆಯಿಂದ ಅಪ್ಪನಿಗೆ ಅಣ್ಣನಾದ. ನನಗೆ ಆಗಲೂ ಇದರಲ್ಲಿ ನಂಬಿಕೆ ಇರಲಿಲ್ಲ. ಅಕ್ಕನ ಪ್ರವೇಶಕ್ಕೆ ಇದು ಅಡ್ಡ ಬರಬಹುದು ಎನ್ನುವುದು ಹೊಳೆಯಲೇ ಇಲ್ಲ.

ಶನಿವಾರ ಬೆಳಿಗ್ಗೆಯಿಂದ ಬಸ್ ನಿಲ್ದಾಣದಲ್ಲಿ ಕಾದೆ. ಶಿರಸಿಯಿಂದ ಬರುವ ಬಸ್ಸು ಯಲ್ಲಾಪುರ, ಕಲಘಟಗಿ ಮೇಲಿಂದ ಬಂತು ಎಂದು ನಾನು ಯಾವಾಗಲೂ ಹೇಳುತ್ತೇನೆ. ಮುಂಡಗೋಡ ಮೇಲಿಂದ ಬರುವುದನ್ನು ಕಾಯುತ್ತಿದ್ದೆ ಎಂದು ಅಕ್ಕನಿಗೆ ಆಗ ಬರೆದಿದ್ದೆನಂತೆ. ಯಾವುದೇ ಇರಲಿ, ಅವಳು ಇಳಿಯಲಿಲ್ಲ. ಮುಂದಿನ ಬಸ್ಸಿನಲ್ಲೂ ಇಳಿಯಲಿಲ್ಲ. ಕಾಲೇಜಿಗೆ ಹೋಗಿ ಗುಮಾಸ್ತರನ್ನು ಕೇಳಿಕೊಂಡೆ.

"ಸೋಮವಾರ ಬರ್ತಾಳ್ರಿ, ಮನೆಯಲ್ಲಿ ಸಾವಾಗಿದೆ."

"ಯಾರು, ತಂದೀನಾ?"

"ಅಲ್ಲ. ದೊಡ್ಡಪ್ಪ."

"ಸ್ವಂತ ದೊಡ್ಡಪ್ಪ ಏನ್ರಿ?"

ಅಲ್ಲ ಎಂದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹಿಂಗಾದ್ರ ನಾವೇನ್ ಮಾಡೂಣು ತಮ್ಮಾ, ಹಿಂದ ಕಾಯೋ ಹುಡುಗ್ರು ಅದಾರ," ಎಂದರು. ಸೀಟು ಹೋಯಿತು.

ಇಲ್ಲಿಂದ ಮುಂದಿನದನ್ನು ನಾನು ಹೀಗೆ ಹೇಳುತ್ತಿದ್ದೆ. ಶುಕ್ರವಾರ ಅಕ್ಕ ಚೀಲ ತುಂಬಿಕೊಂಡು ಹೊರಟು ಜಗಲಿಗೆ ಬಂದಳು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ತಲೆ ಎತ್ತದೆ, "ಸೂತಕ ಮುಗುದ್ಮೇಲೆ ಹೋಗಕ್ಕು," ಎಂದ. ಅಕ್ಕ ಚೀಲವನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಆ ಚೀಲದ ಹಿಡಿಕೆ ಹರಿದಿದ್ದು, ನೀಲಿ ದಾರದಲ್ಲಿ ಹೊಲಿದಿದ್ದು, ಅಪ್ಪನ ಬನಿಯನ್ನಿನ ತೂತು, ಎಲ್ಲ ನನಗೆ ಕಾಣುತ್ತಿತ್ತು. ಈ ಕಥೆಯನ್ನು ಗೆಳೆಯರಿಗೆ, ಒಂದೆರಡು ಸಲ ತರಗತಿಯಲ್ಲಿಯೂ, ಮೌಢ್ಯ ಒಬ್ಬಳ ಬದುಕನ್ನು ಹೇಗೆ ತಿನ್ನುತ್ತದೆ ಎನ್ನುವುದಕ್ಕೆ ಉದಾಹರಣೆಯಾಗಿ ಹೇಳಿದ್ದೆ.

ಆದರೆ ಶುಕ್ರವಾರ ನಾನು ಧಾರವಾಡದಲ್ಲಿದ್ದೆ. ಮನೆಗೆ ಹೋದದ್ದು ಸೂತಕ ಕಳೆಯುವ ಹಿಂದಿನ ದಿನ. ಕಾಣದ್ದನ್ನು ಇಷ್ಟು ವಿವರವಾಗಿ ನೆನಪಿಟ್ಟುಕೊಳ್ಳುವ ಸಾಕ್ಷಿ ಕಟೆಕಟೆಯಲ್ಲಿ ಬಂದು ನಿಂತಿದ್ದರೆ ಅಕ್ಕ ಎರಡು ಪ್ರಶ್ನೆಯಲ್ಲಿ ಅವನನ್ನು ಮುಗಿಸುತ್ತಿದ್ದಳು.

ಅಪ್ಪ ಹೋಗಿ ಎಂಟೊಂಬತ್ತು ವರ್ಷವಾಯಿತು. ಆಯಿ ಈಗ ಸಿದ್ದಾಪುರದಲ್ಲಿ ನನ್ನ ಜೊತೆ ಇದ್ದಾಳೆ. ಹೋದ ವರ್ಷ ಆ ಬನವಾಸಿ ಕಡೆಯ ಅಪ್ಪ ಮಗಳು ಹೋದ ಮೇಲೆ, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಆಯಿ ಇದ್ದಕ್ಕಿದ್ದಂತೆ ಹೇಳಿದಳು.

"ನಿನ್ನಕ್ಕಂಗೂ ಹೀಂಗೇ ಬಾಯಿ ಇದ್ದಿತ್ತು. ಓದವಾಗಿತ್ತು ಅದು."

"ಅಪ್ಪ ಬಿಟ್ಟಿದ್ರೆ ಓದ್ತಿತ್ತು," ಎಂದೆ.

"ಅಪ್ಪ ಎಲ್ಲಿ ಬ್ಯಾಡ ಹೇಳಿದ್ದ? ಅದೇ ಹೋಗ್ತ್ನಿಲ್ಲೆ ಹೇಳ್ತು."

ಅಕ್ಕ ತಾನೇ ಹೋಗುವುದಿಲ್ಲ ಎಂದಳಂತೆ. ಮುಪ್ಪಿನ ಮರೆವು ಎಂದುಕೊಂಡೆ. ಗಂಡನನ್ನು ಉಳಿಸಿಕೊಳ್ಳುವ ಮಾತು ಎಂದೂ ಅನ್ನಿಸಿತು. ಆದರೆ ಅದು ಮನಸ್ಸಿನಿಂದ ಹೋಗಲಿಲ್ಲ.

ಅಕ್ಕ ಯಲ್ಲಾಪುರದಲ್ಲಿದ್ದಾಳೆ. ಅಲ್ಲಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕೆಲಸ. ಭಾವನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ. ಮೂರು ವರ್ಷದ ಕಾನೂನು ಕೋರ್ಸಿನ ಪ್ರಕಟಣೆ ಬಂದಾಗ ನಾನು ಅದನ್ನು ಪೂರ್ತಿ ಓದಿದೆ. ಅವಳ ಬಿ.ಎ. ಅಂಕ ಸಾಕು, ವಯಸ್ಸು ಅಡ್ಡಿಯಿಲ್ಲ. ಆ ಪುಟಗಳನ್ನು ಅವಳ ವಾಟ್ಸಾಪಿಗೆ ಕಳಿಸಿದೆ. ನೀಲಿ ಗೆರೆ ಬಿತ್ತು, ಉತ್ತರ ಬರಲಿಲ್ಲ. ಭಾನುವಾರ ಬಸ್ಸು ಹತ್ತಿ ಹೋದೆ.

ಅವಳು ಹಿತ್ತಲ ಕಡೆಯ ಕಟ್ಟೆಯ ಮೇಲೆ ಕೂತು ಹಲಸಿನಕಾಯಿ ಬಿಡಿಸುತ್ತಿದ್ದಳು. ಕೈಗೆ ಎಣ್ಣೆ. ನನಗೂ ಎಣ್ಣೆ ಬಟ್ಟಲು ತಳ್ಳಿದಳು.

"ಕಳ್ಸಿದ್ದು ನೋಡಿದ್ಯ?" ಎಂದೆ.

"ನೋಡಿದೆ. ಯಂಗೆ ಎಂತಕ್ಕೆ ಕಳ್ಸಿದ್ದೆ, ನಿನ್ನ ವಿದ್ಯಾರ್ಥಿಗಳ ಲೆಕ್ಕದಲ್ಲಿ ಒಬ್ಬ ಕಡಮೆ ಬಿದ್ನಾ?"

"ನೀನು ಅರ್ಜಿ ಹಾಕು. ಕೊನೇ ದಿನಕ್ಕೆ ಇನ್ನೂ ಟೈಮ್ ಇದ್ದು. ಆನು ಎಲ್ಲ ತುಂಬಿಕೊಡ್ತೆ."

"ತುಂಬಲೆ ಯಂಗೇ ಬತ್ತು," ಎಂದಳು. ನಗಲಿಲ್ಲ.

ಆಗ ನನ್ನ ಹಳೆಯ ಕಥೆಯನ್ನು ತೆಗೆದೆ. ಅಪ್ಪ, ಜಗಲಿ, ಚೀಲ, ಸೂತಕ. ಅಪ್ಪ ಇಲ್ಲ, ಈಗ ಯಾರೂ ತಡೆಯುವವರಿಲ್ಲ ಎಂದೆ. ಅಕ್ಕ ಕತ್ತಿ ಕೆಳಗಿಟ್ಟಳು.

"ನೀ ಆವಾಗ ಮನೆಲ್ಲಿ ಇದ್ದಿದ್ದೇ ಇಲ್ಲೆ, ತಮಾ. ಧಾರವಾಡದಲ್ಲಿ ಕೂತ್ಕಂಡು ಎಲ್ಲಾ ಕಂಡವ್ನ ಹಾಂಗೆ ಹೇಳ್ತೆ."

"ಹಂಗಾರೆ ಎಂತ ಆತು? ನೀ ಹೇಳು."

"ಎಂತದೂ ಆಯ್ದಿಲ್ಲೆ. ಯಾರೂ ಬ್ಯಾಡ ಹೇಳಿದ್ದಿಲ್ಲೆ. ಯಾರೂ ಹೋಗು ಹೇಳೂ ಹೇಳಿದ್ದಿಲ್ಲೆ. ಅಪ್ಪ ಒಂದ್ಸಲ ಕೇಳ್ದ, ಬಸ್ಸಿಗೆ ಹೊತ್ತಾತಲ ಹೇಳಿ. ಆನೇ ಹೋಯ್ದ್ನಿಲ್ಲೆ."

ಅಪ್ಪ ಬಸ್ಸಿಗೆ ಹೊತ್ತಾಯಿತು ಎಂದು ನೆನಪಿಸಿದ್ದನೇ? ಸೂತಕ ಮುಗಿಯದೆ ಗಡ್ಡವನ್ನೂ ಮುಟ್ಟದ ಅಪ್ಪ? ನನಗೆ ನಂಬಲು ಆಗಲಿಲ್ಲ. ಆದರೆ ಅಲ್ಲಿದ್ದವಳು ಅವಳು.

"ಎಂತಕ್ಕೆ ಹೋಯ್ದಿಲ್ಲೆ?"

ಅವಳು ಹಲಸಿನ ಸೊಳೆಯ ಮೇಲಿನ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತ ಹೇಳಿದಳು. ದೊಡ್ಡಪ್ಪ ಸತ್ತ ಸುದ್ದಿ ಬಂದಾಗ ಅಪ್ಪ ದಹನಕ್ಕೆ ಹೋಗಿ ದೂರದಲ್ಲಿ ನಿಂತು ಬಂದನಂತೆ. ಆಯಿ ಆ ಮನೆಯ ಅಂಗಳದವರೆಗೆ ಹೋಗಿ ಬಂದಳಂತೆ. ಅಕ್ಕನಿಗೆ ಅದೂ ಆಗಲಿಲ್ಲ.

"ಆ ಮನೆಗೆ ಹೋಗಿ ಅಳಲೆ ಆಗ್ತಿತ್ತಿಲ್ಲೆ. ಅವ್ರ ಮನೆಯವು ಇದೆಂತಕ್ಕೆ ಅಳ್ತು ಹೇಳಿ ನೋಡ್ತಿದ್ದ. ನಮ್ಮನೆಲ್ಲಿ ಅಂವನ ಹೆಸ್ರೂ ಹೇಳಲಾಗ್ತಿತ್ತಿಲ್ಲೆ. ಲಾ ಓದು ಹೇಳಿ ಯಂಗೆ ಮೊದ್ಲು ಹೇಳಿದವ ಅಂವ. ಸೀಟು ಸಿಕ್ತು ಹೇಳಿ ಅಂವಂಗೆ ಹೇಳವು ಹೇಳಿ ಅಗಳದ ಹತ್ರ ಎರಡು ಸಲ ಹೋಗಿ ನಿಂತಿದ್ದಿ, ಸಿಕ್ಕಿದ್ನಿಲ್ಲೆ. ಯಂಗೆ ಅಂವಂಗೋಸ್ಕರ ಎಂತಾರೂ ಮಾಡಲೆ ಇದ್ದಿದ್ದು ಆ ಸೂತಕ ಒಂದೇಯ. ಅದ್ನ ಮುರ್ಕಂಡು ಬಸ್ ಹತ್ತಲೆ ಮನಸಾಯ್ದಿಲ್ಲೆ."

ಬಿಡಿಸಿದ ಸೊಳೆಯನ್ನು ಬುಟ್ಟಿಗೆ ಹಾಕಿ ಮತ್ತೆ ಹೇಳಿದಳು. "ಮುಂದಿನ ವರ್ಷ ಸಿಕ್ತು ಹೇಳಿ ಮಾಡಿದ್ದಿ. ದಡ್ಡಿ."

ಮುಂದಿನ ವರ್ಷ ಏನಾಯಿತು ಎನ್ನುವುದು ನನಗೂ ಗೊತ್ತು. ದೊಡ್ಡಪ್ಪನ ಮಕ್ಕಳು ಅಪ್ಪನ ಜೊತೆ ರಾಜಿ ಮಾಡಿಕೊಂಡರು. ಇಷ್ಟು ವರ್ಷ ಎಳೆದ ಕೇಸು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಅಕ್ಕ ಕೋರ್ಟಿಗೆ ಹೋಗುವುದು ನಿಂತಿತು. ಅವಳು ವಕೀಲಳಾಗುವುದು ಕೇಸಿಗಾಗಿ ಎಂದು ಮನೆಯವರೆಲ್ಲ ತಿಳಿದಿದ್ದರಿಂದ, ಕೇಸಿನ ಜೊತೆ ಆ ಮಾತೂ ಮುಗಿಯಿತು. ಒಂದು ವರ್ಷಕ್ಕೆಂದು ಊರಿನ ಸೊಸೈಟಿಯ ಕೆಲಸ ಹಿಡಿದಳು. ಯಾರೂ ಅವಳನ್ನು ತಡೆಯಲಿಲ್ಲ. ತಡೆದಿದ್ದರೆ ಹಟಕ್ಕಾದರೂ ಹೋಗುತ್ತಿದ್ದಳೇನೋ. ಬಿ.ಎ. ಮುಗಿಸಿ ಅದೇ ಧಾರವಾಡದಲ್ಲಿ ಕಾನೂನಿಗೆ ಸೇರಿದ್ದು ನಾನು. ಬೇರೇನು ಮಾಡಬೇಕೆಂದು ತಿಳಿಯದೆ ಸೇರಿದೆ. ಅರ್ಜಿ ಹೇಗೆ ಹಾಕಬೇಕು, ಏನೇನು ಒಯ್ಯಬೇಕು ಎಂದು ಹೇಳಿಕೊಟ್ಟವಳು ಅವಳು.

"ಈಗ ಹಾಕಲಕ್ಕಲ," ಎಂದೆ ಮತ್ತೆ. "ಈಗ ಯಾವ್ದೂ ಅಡ್ಡ ಇಲ್ಲೆ."

"ಆವಾಗ ಆನು ಹೋಗವು ಹೇಳಿದ್ದು ವಕೀಲಿ ಮಾಡಲೆ. ಈಗ ನೀ ಹೋಗು ಹೇಳದು ಹಳೇದು ಸರಿಯಾಗ್ಲಿ ಹೇಳಿ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಮೂರು ವರ್ಷ ಓದಿ, ಆಮೇಲೆ ಯಾರ್ದೋ ಆಫೀಸಲ್ಲಿ ಫೈಲು ಹೊತ್ಕಂಡು ನಿಲ್ಲವು. ಆ ಹುಡ್ಗರಿಗೆ ಹೇಳ್ತೆ ಅಲ್ದ ನೀನು. ಯನ್ನ ಮಂಡಿ ಒಂದು ಗಂಟೆ ನಿಲ್ತಿಲ್ಲೆ."

ಮಂಡಿ ನೋವು ನಿಜ. ಅದು ಪೂರ್ತಿ ಕಾರಣವಲ್ಲ ಎನ್ನುವುದೂ ನಿಜ. ನಾನು ಇನ್ನೂ ಏನೋ ಹೇಳಲು ಬಾಯಿ ತೆಗೆದೆ. ಅವಳು ಸೊಳೆ ತುಂಬಿದ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಭಾವ ಬಂದ. ಊಟವಾಯಿತು. ಬಸ್ಸಿನವರೆಗೆ ಅಕ್ಕ ಬಂದಳು, ಆಯಿಗೆ ಹಪ್ಪಳ ಕಟ್ಟಿ ಕೊಟ್ಟಳು.

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಹಳೆಯ ಕಥೆಯನ್ನು ಮತ್ತೆ ಕಟ್ಟಲು ನೋಡಿದೆ. ಅಪ್ಪ ಜಗಲಿಯಲ್ಲಿ ಕೂತಿರುವುದು, ಚೀಲದ ನೀಲಿ ದಾರ ಎಲ್ಲವೂ ಇನ್ನೂ ಹಾಗೆಯೇ ಕಾಣುತ್ತಿತ್ತು. ಅಪ್ಪನ ಬಾಯಲ್ಲಿ ಮಾತು ಮಾತ್ರ ಇರಲಿಲ್ಲ. ಸೂತಕವನ್ನು ಬೈಯುವುದು ನನಗೆ ಸುಲಭವಾಗಿತ್ತು. ಅಕ್ಕನಿಗೆ ಆ ವಾರ ದುಃಖಪಡಲು ಮನೆಯಲ್ಲಿ ಬೇರೆ ಜಾಗವೇ ಇರಲಿಲ್ಲ ಎನ್ನುವುದು ನನ್ನ ಓದಿಗೆ ಹೊಳೆದಿರಲಿಲ್ಲ. ಈಗ ಹೊಳೆದದ್ದೂ ಸರಿಯೋ, ಅಥವಾ ಇಪ್ಪತ್ತೈದು ವರ್ಷ ಕಳೆದ ಮೇಲೆ ಅಪ್ಪನನ್ನು ಉಳಿಸಲು ಅವಳೂ ಒಂದು ಕಥೆ ಮಾಡಿಕೊಂಡಿದ್ದಾಳೋ, ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ.

ಅರ್ಜಿಯ ಕೊನೆಯ ದಿನ ನಾನು ಕಾಲೇಜಿಗೆ ರಜೆ ಹಾಕಿದ್ದೆ. ಮನಸ್ಸು ಬದಲಾದರೆ ಅವಳಿಗೆ ಒಂದು ಫೋನ್ ಸಾಕು ಎಂದು ಬೆಳಿಗ್ಗೆಯಿಂದ ಕಂಪ್ಯೂಟರ್ ತೆರೆದು ಕೂತಿದ್ದೆ. ಸಂಜೆ ಅರ್ಜಿ ಹಾಕುವ ಪುಟ ಮುಚ್ಚಿತು. ಅದಾದ ಮೇಲೆ ಅಕ್ಕನ ಫೋನ್ ಬಂತು. ಆಯಿಯ ಕಣ್ಣಿನ ಆಪರೇಷನ್ನಿಗೆ ಶಿರಸಿಗೆ ಯಾವಾಗ ಕರೆದುಕೊಂಡು ಹೋಗುತ್ತೀ, ತಾನೂ ರಜೆ ಕೇಳಬೇಕು ಎಂದಳು. ದಿನ ಹೇಳಿದೆ. "ಅಡ್ಡಿಲ್ಲೆ, ಬತ್ತೆ," ಎಂದು ಇಟ್ಟಳು.